ತಾಯಿಯ ಕಾವು, ಪೆಟ್ಟಿಗೆಯ ಕಾವು



ಇನ್‌ಕ್ಯುಬೇಟರ್ ಎಂದರೆ ಏನು ಎಂದು ಬೆಂಗಳೂರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. ಕೋಳಿ ಸಾಕುವವರು ಮೊಟ್ಟೆ ಮರಿ ಮಾಡುವ ಯಂತ್ರ ಎನ್ನುತ್ತಾರೆ. ಪ್ರಯೋಗಾಲಯದವರು ಸೂಕ್ಷ್ಮಜೀವಿ ಬೆಳೆಸುವ 37 ಡಿಗ್ರಿಯ ಕಪಾಟು ಎನ್ನುತ್ತಾರೆ. ಕಂಪನಿ ಕಟ್ಟಲು ಹೊರಟ ಯುವಕರಿಗೆ ಅದು ಜಾಗ, ಸಲಹೆ, ಮೊದಲ ಬಂಡವಾಳ ಕೊಡುವ ಸಂಸ್ಥೆ. ತಿಂಗಳು ತುಂಬದೆ ಹೆತ್ತ ತಾಯಿಗೆ ಅದು ತನ್ನ ಮಗುವನ್ನು ಇಟ್ಟಿರುವ ಗಾಜಿನ ಪೆಟ್ಟಿಗೆ. ನಾನು ಇವತ್ತು ಮುಖ್ಯವಾಗಿ ಮಾತನಾಡುವುದು ಈ ಕೊನೆಯ ಪೆಟ್ಟಿಗೆಯ ಬಗ್ಗೆ. ಆದರೆ ಅದು ಬಂದದ್ದು ಕೋಳಿಮನೆಯಿಂದ. ಹಾಗಾಗಿ ಅಲ್ಲಿಂದಲೇ ಹೊರಡಬೇಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಲಕ್ಷಾಂತರ ಮಕ್ಕಳನ್ನು ಉಳಿಸಿದೆ. ಅದರ ಬಗ್ಗೆ ನನಗೆ ಕೃತಜ್ಞತೆಯಿದೆ. ಆದರೆ ಪೆಟ್ಟಿಗೆ ಆಸ್ಪತ್ರೆಯೊಳಕ್ಕೆ ಬಂದ ಸ್ವಲ್ಪ ಕಾಲಕ್ಕೆ ತಾಯಿ ಬಾಗಿಲಾಚೆಗೆ ಹೋದಳು. ಅವಳನ್ನು ಮತ್ತೆ ಒಳಗೆ ಕರೆತರಲು ನೂರು ವರ್ಷ ಹಿಡಿಯಿತು, ಆ ಕೆಲಸ ನಮ್ಮಲ್ಲಿ ಇನ್ನೂ ಅರ್ಧದಲ್ಲಿದೆ.

ಕಾವಿಗೆ ಕೂತ ಹೇಂಟೆಯನ್ನು ಹತ್ತಿರದಿಂದ ನೋಡಿದವರು ನಿಮ್ಮಲ್ಲಿ ಅನೇಕರು ಇರಬಹುದು. ಮೇವಿಗೆ ಎದ್ದರೂ ಗಡಿಬಿಡಿಯಲ್ಲಿ ನಾಲ್ಕು ಕಾಳು ಹೆಕ್ಕಿ ಓಡಿಬಂದು ಕೂರುತ್ತದೆ. ಕೈ ಹಾಕಿದರೆ ಗರಿ ಕೆದರಿ ಕುಕ್ಕುತ್ತದೆ. ಅದರ ಎದೆಯಡಿಯ ಗರಿ ಉದುರಿ ಒಂದಿಷ್ಟು ಜಾಗ ಬೋಳಾಗಿರುತ್ತದೆ. ಆ ಬಿಸಿ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. 21 ದಿನದ ಈ ತಪಸ್ಸಿನಲ್ಲಿ ಶಾಖ, ತೇವ, ಗಾಳಿ, ಹೊರಳಿಕೆ ನಾಲ್ಕೂ ಅಳತೆಗೆ ತಕ್ಕಂತೆ ನಡೆಯಬೇಕು. ಕಾವುಯಂತ್ರ ಮಾಡಿದವರೆಲ್ಲ ಈ ನಾಲ್ಕನ್ನೇ ನಕಲು ಮಾಡಲು ಹೆಣಗಿದ್ದಾರೆ.

ಅದರಲ್ಲಿ ಮೊದಲು ಗೆದ್ದವರಲ್ಲಿ ಈಜಿಪ್ಟಿನವರು ಸೇರಿದ್ದಾರೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದಲ್ಲಿ ಹೂತು ಮರಿ ಮಾಡುವುದನ್ನು ಬರೆದಿದ್ದಾನೆ. ಮುಂದೆ ನೈಲ್ ನದಿಯ ಬಯಲಿನಲ್ಲಿ ಹಸಿ ಇಟ್ಟಿಗೆಯ ದೊಡ್ಡ ದೊಡ್ಡ ಒಲೆಮನೆಗಳು ಎದ್ದವು. ನಡುವೆ ಓಣಿ, ಎರಡೂ ಬದಿಗೆ ಎರಡಂತಸ್ತಿನ ಗೂಡುಗಳು. ಕೆಳಗಿನ ಗೂಡಿನಲ್ಲಿ ಸಾವಿರಾರು ಮೊಟ್ಟೆ. ಮೇಲಿನದರಲ್ಲಿ ಹುಲ್ಲು ಸೇರಿಸಿದ ಸಗಣಿಯ ಮಂದ ಬೆಂಕಿ. ಕೆಲಸಗಾರ ತೆವಳಿಕೊಂಡು ಒಳಗೆ ಹೋಗಿ ಮೊಟ್ಟೆ ಹೊರಳಿಸುತ್ತಿದ್ದ. ಉಷ್ಣಮಾಪಕ ಇರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು, ಬಿಸಿ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುತ್ತಿದ್ದ. ಆ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಬಿರ್ಮಾ ಎಂಬ ಊರಿನವರು ಅದಕ್ಕೆ ಹೆಸರುವಾಸಿ. ಫ್ರಾನ್ಸಿನ ವಿಜ್ಞಾನಿ ರಿಯೊಮ್ಯೂರ್ 1749ರಲ್ಲಿ ಈ ವಿದ್ಯೆಯ ಬಗ್ಗೆ ಪುಸ್ತಕ ಬರೆದು, ರೆಪ್ಪೆಯ ಜಾಗಕ್ಕೆ ಉಷ್ಣಮಾಪಕವನ್ನು ತಂದ. ಅಳೆಯಲು ಬಂದ ಮೇಲೆ ವಿದ್ಯೆ ಒಂದು ಊರಿನ ಸೊತ್ತಾಗಿ ಉಳಿಯಲಿಲ್ಲ.

ಇದೇ ಯಂತ್ರ ಕೋಳಿಯನ್ನೂ ಬದಲಿಸಿತು. ವೈಟ್ ಲೆಗ್‌ಹಾರ್ನ್‌ನಂಥ ಮೊಟ್ಟೆಕೋಳಿಗಳಲ್ಲಿ ಕಾವಿಗೆ ಕೂರುವ ಗುಣವೇ ಹೆಚ್ಚುಕಡಿಮೆ ಅಳಿದುಹೋಗಿದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಹೆಚ್ಚು ಮೊಟ್ಟೆ ಬೇಕಾದ ಮನುಷ್ಯ ಕಾವಿಗೆ ಕೂರದ ಕೋಳಿಗಳನ್ನೇ ಆರಿಸುತ್ತಾ ಬಂದ. ಈಗ ಯಂತ್ರವಿಲ್ಲದೆ ಆ ತಳಿ ಮುಂದುವರಿಯಲಾರದು. ಕೋಳಿಯ ವಿಷಯದಲ್ಲಿ ಇದನ್ನು ವ್ಯಾಪಾರ ಎಂದು ಒಪ್ಪಿಕೊಳ್ಳಬಹುದು. ತಾಯಿ ಮಗುವಿನ ನಡುವೆ ಯಂತ್ರ ಬಂದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಬಹಳ ಎಚ್ಚರದಿಂದ ನೋಡಬೇಕು.

ಪ್ಯಾರಿಸ್ಸಿಗೆ ಬರೋಣ. ಸ್ಟೆಫಾನ್ ಟಾರ್ನಿಯೆ ಅಲ್ಲಿನ ಮೆಟರ್ನಿಟೆ ಹೆರಿಗೆ ಆಸ್ಪತ್ರೆಯ ವೈದ್ಯ. ಬಡ ಹೆಂಗಸರು ಹೆರುವ ಆಸ್ಪತ್ರೆ ಅದು. ತಿಂಗಳು ತುಂಬದ ಮಕ್ಕಳು ಚಳಿಯಲ್ಲಿ ಒಂದೊಂದಾಗಿ ಹೋಗುತ್ತಿದ್ದವು. 1878ರಲ್ಲಿ ಟಾರ್ನಿಯೆ ಅಲ್ಲಿನ ಪ್ರಾಣಿ ಉದ್ಯಾನಕ್ಕೆ ಹೋದಾಗ ಓಡಿಲ್ ಮಾರ್ಟಿನ್ ಮಾಡಿದ ಕೋಳಿಮೊಟ್ಟೆಯ ಯಂತ್ರ ಕಣ್ಣಿಗೆ ಬಿತ್ತು. ಇಂಥದ್ದನ್ನೇ ಮಕ್ಕಳಿಗೂ ಮಾಡಿಕೊಡಿ ಎಂದು ಅವರು ಮಾರ್ಟಿನ್‌ನನ್ನು ಕೇಳಿದರು. ಕೆಳಗೆ ಬಿಸಿನೀರಿನ ತೊಟ್ಟಿ, ಮೇಲೆ ಮಕ್ಕಳು, ನೋಡಲು ಗಾಜಿನ ಮುಚ್ಚಳ. ಮೊದಲ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮಲಗಿಸುತ್ತಿದ್ದರು. ಟಾರ್ನಿಯೆಯ ಶಿಷ್ಯ ಆವಾರ್ 1883ರಲ್ಲಿ ಫಲಿತಾಂಶ ಪ್ರಕಟಿಸಿದ: 2,000 ಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಶೇಕಡಾ 66ರಿಂದ 38ಕ್ಕೆ ಇಳಿದಿತ್ತು. ಔಷಧಿಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಬರೀ ಬೆಚ್ಚಗೆ ಇಟ್ಟಿದ್ದಕ್ಕೆ ಇಷ್ಟು.

ಬೆಚ್ಚಗಿಡುವುದು ಇಷ್ಟು ದೊಡ್ಡ ಸಂಗತಿ ಹೇಗಾಯಿತು? ಈಗ ತಾನೆ ಹುಟ್ಟಿದ ಮಗುವಿನ ಮೈ ಒದ್ದೆ. ಆ ತೇವ ಆರುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ತಣ್ಣನೆಯ ತಕ್ಕಡಿ, ತಣ್ಣನೆಯ ಬಟ್ಟೆ ತಾಗಿದಲ್ಲೆಲ್ಲ ಶಾಖ ಹೋಗುತ್ತದೆ. ಫ್ಯಾನಿನ ಗಾಳಿ ಒಂದಿಷ್ಟು ಒಯ್ಯುತ್ತದೆ. ಏನೂ ತಾಗದಿದ್ದರೂ ಪಕ್ಕದ ತಣ್ಣನೆಯ ಗೋಡೆಯ ಕಡೆಗೆ ಮೈಯ ಶಾಖ ಹರಿಯುತ್ತಲೇ ಇರುತ್ತದೆ. ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹರವು ದೊಡ್ಡದು. ಶಾಖ ಹುಟ್ಟಿಸುವ ಕಂದು ಕೊಬ್ಬು ಸೇರುವುದು ಗರ್ಭದ ಕೊನೆಯ ವಾರಗಳಲ್ಲಿ. ಮುಂಚೆಯೇ ಬಂದ ಮಗುವಿಗೆ ಅದು ಬಹಳ ಕಡಿಮೆ. ನಡುಗಿ ಬಿಸಿ ಮಾಡಿಕೊಳ್ಳಲೂ ಬಾರದು. ಮಗುವಿನ ಮೈ 36.5ರಿಂದ 37.5 ಡಿಗ್ರಿಯ ನಡುವೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಮಗು ಇರುವ ಸಕ್ಕರೆ, ಆಮ್ಲಜನಕ ಎರಡನ್ನೂ ಶಾಖಕ್ಕಾಗಿ ಸುಡತೊಡಗುತ್ತದೆ. ಉಸಿರಾಟಕ್ಕೆ, ಬೆಳವಣಿಗೆಗೆ ಏನೂ ಉಳಿಯುವುದಿಲ್ಲ.

ನಮ್ಮ ಬಾಣಂತಿ ಕೋಣೆಗಳ ಮುಚ್ಚಿದ ಕಿಟಕಿ, ಅಗ್ಗಿಷ್ಟಿಕೆ, ಮಗುವಿಗೆ ಸುತ್ತುವ ಹಳೆ ಪಂಚೆ, ತಲೆಗೆ ಕುಲಾವಿ, ಇವುಗಳ ಹಿಂದೆ ಇದೇ ತಿಳಿವಳಿಕೆಯಿದೆ. ಹೊಗೆಯನ್ನು ಬಿಡಬೇಕು, ಮಗುವಿನ ಎಳೆ ಶ್ವಾಸಕೋಶಕ್ಕೆ ಅದು ಕೆಟ್ಟದ್ದು. ಹುಟ್ಟಿದ ಕೂಡಲೇ ಮೀಯಿಸುವುದನ್ನೂ ಬಿಡಬೇಕು; 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಲಾವಿಯನ್ನು ಮಾತ್ರ ಯಾರೂ ಬಿಡಬೇಡಿ.

ಟಾರ್ನಿಯೆಯ ನಂತರ ಅದೇ ಕೆಲಸವನ್ನು ಮುಂದುವರಿಸಿದ ಪಿಯೆರ್ ಬುಡಾಂ ನನಗೆ ಬಹಳ ಪ್ರಿಯನಾದ ವೈದ್ಯ. ಪೆಟ್ಟಿಗೆಯಲ್ಲಿ ಉಳಿದ ಮಗು ಮನೆಗೆ ಹೋದ ಮೇಲೆ ಹಾಲಿಲ್ಲದೆ ಸತ್ತರೆ ಏನು ಬಂತು ಎಂದು ಕೇಳಿದವನು ಆತ. ಮಗುವಿನಿಂದ ದೂರ ಉಳಿದ ತಾಯಿಗೆ ಎದೆಹಾಲು ಬತ್ತುತ್ತದೆ, ಹಾಲೂಡಿಸಲಾಗದ ತಾಯಿಗೆ ಮಗುವಿನ ಮೇಲಿನ ಆಸ್ಥೆಯೂ ಕುಂದುತ್ತದೆ ಎಂದು 1900ರ ತನ್ನ ಪುಸ್ತಕದಲ್ಲಿ ಬರೆದ. ತಾಯಂದಿರು ಒಳಗೆ ಬರಲಿ, ನೋಡಲಿ, ಹಾಲೂಡಿಸಲಿ ಎಂಬುದು ಅವನ ಪಟ್ಟು. ಅವನ ಮಾತನ್ನು ವೈದ್ಯಲೋಕ ಆಗಲೇ ಕೇಳಿದ್ದರೆ ಇಪ್ಪತ್ತನೆಯ ಶತಮಾನದ ಎಷ್ಟೋ ಸಂಕಟ ತಪ್ಪುತ್ತಿತ್ತು ಎಂದು ನಾನು ನಂಬಿದ್ದೇನೆ.

ಆದದ್ದು ಬೇರೆ. ಪೆಟ್ಟಿಗೆ ಪ್ರದರ್ಶನಕ್ಕೆ ಹೋಯಿತು. ನೀಸ್ ನಗರದ ಅಲೆಕ್ಸಾಂಡ್ರ್ ಲಿಯಾನ್ ತನ್ನ ಯಂತ್ರಗಳನ್ನು ಬೀದಿಬದಿಯ ಮಳಿಗೆಗಳಲ್ಲಿ ಮಕ್ಕಳ ಸಮೇತ ಇಟ್ಟು, ನೋಡಲು ಬಂದವರ ಕಾಸಿನಿಂದ ಖರ್ಚು ತೂಗಿಸಿದ. ಆ ದಾರಿಯನ್ನು ಅಮೆರಿಕಕ್ಕೆ ಒಯ್ದು ಬಹಳ ದೂರ ನಡೆದವನು ಮಾರ್ಟಿನ್ ಕೂನಿ. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಸಮುದ್ರ ತೀರದ ಜಾತ್ರೆಯಂಗಳದಲ್ಲಿ, ಸರ್ಕಸ್ಸು ತೊಟ್ಟಿಲುಗಳ ನಡುವೆ, 1903ರಿಂದ 1943ರವರೆಗೆ ಅವನು ತಿಂಗಳು ತುಂಬದ ಮಕ್ಕಳನ್ನು ಸಾಕಿದ. ಒಳಗೆ ಹೋಗಲು 25 ಸೆಂಟ್. ಹೆತ್ತವರಿಂದ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ದಾದಿಯೊಬ್ಬಳು ತನ್ನ ಉಂಗುರವನ್ನು ಮಗುವಿನ ಮುಂಗೈಗೆ ಬಳೆಯಂತೆ ತೊಡಿಸಿ ಜನರಿಗೆ ತೋರಿಸುತ್ತಿದ್ದಳು. 1911ರಲ್ಲಿ ಅಲ್ಲಿನ ಡ್ರೀಮ್‌ಲ್ಯಾಂಡ್ ಎಂಬ ಮನೋರಂಜನಾ ಉದ್ಯಾನ ಹೊತ್ತಿ ಉರಿದಾಗ ಮಕ್ಕಳನ್ನು ಎತ್ತಿಕೊಂಡು ಓಡಿ ಉಳಿಸಿದರು. ಸುಮಾರು 8,000 ಮಕ್ಕಳಲ್ಲಿ 6,500 ಮಕ್ಕಳು ಉಳಿದರೆಂಬುದು ಅವನೇ ಕೊಟ್ಟ ಲೆಕ್ಕ.

ಕೂನಿಗೆ ವೈದ್ಯ ಪದವಿ ಇತ್ತೆಂಬುದಕ್ಕೆ ದಾಖಲೆ ಸಿಕ್ಕಿಲ್ಲ. ಮಕ್ಕಳನ್ನು ಕಾಸಿಗೆ ತೋರಿಸಿದ್ದು ನೆನೆದರೆ ಕಸಿವಿಸಿಯಾಗುತ್ತದೆ. ಆದರೂ ಅವನನ್ನು ದೂರಲು ನನಗೆ ಮನಸ್ಸು ಬಾರದು. ಅಮೆರಿಕದ ಬಹುಪಾಲು ಆಸ್ಪತ್ರೆಗಳು ಆಗ ಇಂಥ ಮಕ್ಕಳನ್ನು ಉಳಿಯದವು ಎಂದು ಕೈಬಿಟ್ಟಿದ್ದವು. ಆ ಮಕ್ಕಳನ್ನು ಯಾರೋ ಎತ್ತಿಕೊಂಡು ಜಾತ್ರೆಯ ಅಂಗಳಕ್ಕೆ ಓಡಬೇಕಾಗಿ ಬಂದದ್ದು ಆಸ್ಪತ್ರೆಗಳ ನಾಚಿಕೆ. ಷಿಕಾಗೋದ ವೈದ್ಯ ಜೂಲಿಯಸ್ ಹೆಸ್ ಕೂನಿಯಿಂದ ಕಲಿತು ಅಮೆರಿಕದಲ್ಲಿ ಈ ಚಿಕಿತ್ಸೆಯನ್ನು ಬೆಳೆಸಿದರು. ಆದರೆ ಒಂದು ಮಾತು ಗಮನಿಸಿ. ತಿಂಗಳುಗಟ್ಟಲೆ ದೂರವಿದ್ದ ಹೆತ್ತವರನ್ನು ಒಪ್ಪಿಸಿ ಮಗುವನ್ನು ಮನೆಗೆ ಕಳಿಸುವುದೇ ಕೂನಿಗೆ ಕೆಲವೊಮ್ಮೆ ಕಷ್ಟವಾಗುತ್ತಿತ್ತು ಎಂದು ಮುಂದಿನ ಮಕ್ಕಳ ತಜ್ಞರು ಬರೆದಿದ್ದಾರೆ. ಬುಡಾಂ ಹೆದರಿದ್ದು ಇದಕ್ಕೇ.

ಆಸ್ಪತ್ರೆಗಳು ಕೊನೆಗೂ ಈ ಮಕ್ಕಳನ್ನು ಒಳಗೆ ತೆಗೆದುಕೊಂಡಾಗ ಸೋಂಕಿನ ಭಯದಿಂದ ಹೆತ್ತವರಿಗೆ ಬಾಗಿಲು ಮುಚ್ಚಿದವು. ಆ ಕಾಲದಲ್ಲಿ ಅದು ಅರ್ಥವಿಲ್ಲದ ಭಯವೇನಲ್ಲ. ಅದೇ ಹೊತ್ತಿಗೆ ಪೆಟ್ಟಿಗೆಯೂ ಬಲಿಯಿತು: ಸುತ್ತ ಮುಚ್ಚಿದ್ದು, ಕೈ ಹಾಕಲು ಕಿಂಡಿಗಳುಳ್ಳದ್ದು, ಒಳಕ್ಕೆ ಆಮ್ಲಜನಕ ಹರಿಸುವಂಥದ್ದು. ಆಮ್ಲಜನಕ ಒಳ್ಳೆಯದು, ಆದ್ದರಿಂದ ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದು ಎಂದುಕೊಂಡರು. 1942ರಲ್ಲಿ ಬಾಸ್ಟನ್ನಿನ ಥಿಯೊಡೋರ್ ಟೆರ್ರಿ ಇಂಥ ಮಕ್ಕಳ ಕಣ್ಣಿನ ಮಸೂರದ ಹಿಂದೆ ಬೆಳೆದ ವಿಚಿತ್ರ ಪೊರೆಯ ಬಗ್ಗೆ ಬರೆದರು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಕುರುಡಾದರು. ಅದರಲ್ಲೂ ಒಳ್ಳೆಯ ಆಸ್ಪತ್ರೆಗಳಲ್ಲಿ ಹೆಚ್ಚು, ಯಾಕೆಂದರೆ ಆಮ್ಲಜನಕ ಧಾರಾಳವಾಗಿ ಇದ್ದದ್ದು ಅಲ್ಲಿ. ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಆಮ್ಲಜನಕದ ಕಡೆಗೆ ಬೆರಳು ತೋರಿಸಿದರು. ಅಮೆರಿಕದಲ್ಲಿ 1953–54ರಲ್ಲಿ 18 ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗ ಅದನ್ನು ಸಾಬೀತು ಮಾಡಿತು. ಕೂಡಲೇ ಎಲ್ಲರೂ ಆಮ್ಲಜನಕವನ್ನು ಬಿಗಿಹಿಡಿದರು. ಆಗ ಕುರುಡುತನ ಇಳಿದು, ಉಸಿರಾಟದ ತೊಂದರೆಯಿಂದ ಸಾಯುವ ಮಕ್ಕಳು ಹೆಚ್ಚಿದರು. ಎರಡೂ ಕಡೆಯ ಪ್ರಪಾತದ ನಡುವೆ ದಾರಿ ಕಂಡುಕೊಳ್ಳಲು ರಕ್ತದ ಆಮ್ಲಜನಕವನ್ನು ಸತತವಾಗಿ ಅಳೆಯುವ ಉಪಕರಣ ಬರಬೇಕಾಯಿತು.

ಈ ಕಥೆ ನಮಗೆ ಹಳೆಯದಲ್ಲ. ಚಿಕ್ಕ ಊರುಗಳಲ್ಲೂ ಮಕ್ಕಳ ಘಟಕಗಳು ತೆರೆದ ಮೇಲೆ ಈ ಕಣ್ಣಿನ ರೋಗ ಇಲ್ಲೂ ಬಂತು. ಕರ್ನಾಟಕ ಇದಕ್ಕೆ ಕೊಟ್ಟ ಉತ್ತರ ಜಗತ್ತು ಗಮನಿಸುವಂಥದ್ದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೆ ಹೋಗುತ್ತಾರೆ, ಮಗುವಿನ ರೆಟಿನಾದ ಚಿತ್ರ ತೆಗೆಯುತ್ತಾರೆ, ತಜ್ಞರು ಬೆಂಗಳೂರಿನಲ್ಲಿ ಕೂತು ನೋಡಿ ಚಿಕಿತ್ಸೆ ಬೇಕೋ ಬೇಡವೋ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ತಿಂಗಳು ತುಂಬದ ಮಗು ಹುಟ್ಟಿದರೆ ಮೊದಲ ತಿಂಗಳೊಳಗೆ ಕಣ್ಣಿನ ತಪಾಸಣೆ ಆಗಿದೆಯೇ ಎಂದು ದಯವಿಟ್ಟು ಕೇಳಿ. ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ.

ಆಮ್ಲಜನಕದ ಪಾಠ ಕಲಿತ ವಿಲಿಯಂ ಸಿಲ್ವರ್‌ಮನ್ ಎಂಬ ನ್ಯೂಯಾರ್ಕಿನ ವೈದ್ಯ ಶಾಖದ ವಿಷಯದಲ್ಲೂ ಅಂದಾಜಿನ ಮೇಲೆ ನಡೆಯಲು ಒಪ್ಪಲಿಲ್ಲ. 1958ರಲ್ಲಿ ಆತ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳ ಪೆಟ್ಟಿಗೆ ಮಿಕ್ಕವರದಕ್ಕಿಂತ ಕೆಲವೇ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬೆಚ್ಚಗಿತ್ತು. ಅಷ್ಟಕ್ಕೇ ನೂರರಲ್ಲಿ ಹೆಚ್ಚುವರಿ 15 ಮಕ್ಕಳು ಬದುಕಿದರು. ಈಜಿಪ್ಟಿನ ಕೆಲಸಗಾರ ರೆಪ್ಪೆಯಲ್ಲಿ ಹಿಡಿಯುತ್ತಿದ್ದ ವ್ಯತ್ಯಾಸ ಅದು.

ಆರಂಭದಲ್ಲಿ ಹೇಳಿದ ಉದ್ಯಮದ ಇನ್‌ಕ್ಯುಬೇಟರಿನ ಮಾತನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಎಂಬ ಪಟ್ಟಣದಲ್ಲಿ ಮ್ಯಾಸ್ಸಿ ಹ್ಯಾರಿಸ್ ಕೃಷಿಯಂತ್ರಗಳ ಕಾರ್ಖಾನೆ ಮುಚ್ಚಿ ಊರು ಕೆಲಸ ಕಳೆದುಕೊಂಡಿತು. ಜೋಸೆಫ್ ಮಂಕೂಸೊ ಎಂಬಾತ 1959ರಲ್ಲಿ ಆ ಖಾಲಿ ಕಟ್ಟಡವನ್ನು ತುಂಡು ತುಂಡಾಗಿ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟು, ಲೆಕ್ಕಪತ್ರ, ಸಾಲ, ಸಲಹೆಗೆ ನೆರವಾದ. ಮೊದಲ ಬಾಡಿಗೆದಾರರಲ್ಲಿ ಕೋಳಿಮರಿ ಮಾಡುವ ಕಂಪನಿಯೂ ಇತ್ತು. ಅದನ್ನು ನೋಡಿಯೇ ಮಂಕೂಸೊ ತನ್ನ ಕೆಲಸಕ್ಕೂ ಇನ್‌ಕ್ಯುಬೇಟರ್ ಎಂಬ ಹೆಸರಿಟ್ಟ. ಆಸ್ಪತ್ರೆಗೆ ಯಂತ್ರ, ಉದ್ಯಮಕ್ಕೆ ಹೆಸರು, ಹೀಗೆ ಬೇರೆ ಬೇರೆ ಕಾಲದಲ್ಲಿ ಬಂದದ್ದು ಕೋಳಿಯಿಂದಲೇ. ಇವತ್ತು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಂ, ಜೀವವಿಜ್ಞಾನ ಕೇಂದ್ರವಾದ ಸಿ-ಕ್ಯಾಂಪ್ ಎಲ್ಲವೂ ಇಂಥ ಪೋಷಣೆ ನಡೆಸುತ್ತಿವೆ.

ಇವೆರಡೂ ಅರ್ಥ ಒಂದೆಡೆ ಸೇರಿದ ಒಂದು ನವೋದ್ಯಮವೂ ಬೆಂಗಳೂರಿನಲ್ಲಿ ಬೆಳೆಯಿತು. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಅಗ್ಗದ ಕಾವುಪೆಟ್ಟಿಗೆ ರೂಪಿಸುವ ಕೆಲಸ ಕೊಟ್ಟರು. ಜೇನ್ ಚೆನ್, ರಾಹುಲ್ ಪಣಿಕ್ಕರ್ ಮತ್ತು ಗೆಳೆಯರು ರೂಪಿಸಿದ ‘ಎಂಬ್ರೇಸ್’ ಪುಟ್ಟ ಮಲಗುಚೀಲದಂತಿದೆ. ಅದರೊಳಗೆ ಮೇಣದಂಥ ವಸ್ತುವಿನ ಪೊಟ್ಟಣ. ಒಮ್ಮೆ ಕಾಯಿಸಿದರೆ ಅದು ಗಟ್ಟಿಯಾಗುತ್ತಾ ನಾಲ್ಕರಿಂದ ಆರು ಗಂಟೆ 37 ಡಿಗ್ರಿಯನ್ನು ಬಿಡದೆ ಹಿಡಿದಿರುತ್ತದೆ. ಅವರು ಬೆಂಗಳೂರಿಗೆ ಬಂದು ನೆಲೆಸಿ ಅದನ್ನು ಪರಿಷ್ಕರಿಸಿದರು. ಕರೆಂಟು ಹೋದಾಗ, ಆಂಬುಲೆನ್ಸಿನಲ್ಲಿ ಸಾಗಿಸುವಾಗ ಅದು ಉಪಯುಕ್ತ. ಚೀಲದ ಜೊತೆಗೆ ತಾಯಿಯೂ ಮಗುವನ್ನು ಎತ್ತಿಕೊಳ್ಳಬಹುದು ಎಂಬುದು ನನಗೆ ಹಿಡಿಸಿದ ಗುಣ.

ಆದರೆ ತಾಯಿಯನ್ನು ಮತ್ತೆ ಮಗುವಿನ ಬಳಿಗೆ ತರುವುದು ಹೇಗೆ ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ದೊಡ್ಡ ಉತ್ತರ ಬಂದದ್ದು ಕೊಲಂಬಿಯಾದ ರಾಜಧಾನಿ ಬೊಗೊಟಾದಿಂದ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳು. ಒಂದರ ಸೋಂಕು ಇನ್ನೊಂದಕ್ಕೆ. ಬಿಟ್ಟುಹೋಗುವ ತಾಯಂದಿರೂ ಇದ್ದರು. 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಮುಂದೆ ಅವರೊಡನೆ ಹೆಕ್ಟರ್ ಮಾರ್ಟಿನೆಜ್, ಮಗುವನ್ನು ತಾಯಿಯ ಬರಿಯೆದೆಗೆ ನೆಟ್ಟಗೆ ಅಪ್ಪಿಸಿ ಬಟ್ಟೆಯಿಂದ ಕಟ್ಟಿದರು. ಕಾಂಗರೂ ಆರೈಕೆ ಎಂದು ಹೆಸರಾಯಿತು. ಬೇಡಿಕೆ ಇದ್ದದ್ದು ಪೆಟ್ಟಿಗೆಗೆ. ಬದಲಿಯಾಗಿ ಸಿಕ್ಕ ಈ ಆರೈಕೆ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿತು. ಶಾಖ ಸಿಕ್ಕಿತು, ಮೊಲೆ ಬಾಯಿಗೆ ಹತ್ತಿರವಾಯಿತು, ತಾಯಿಯ ಮೈಯ ನಿರುಪದ್ರವಿ ಸೂಕ್ಷ್ಮಜೀವಿಗಳು ಮಗುವಿಗೆ ದಾಟಿದವು, ಉಸಿರು ಮರೆತರೆ ತಾಯಿಗೆ ತಕ್ಷಣ ತಿಳಿಯುವಂತಾಯಿತು.

ಬಹುಕಾಲ ವೈದ್ಯರು ಇದನ್ನು ಬಡವರ ಪರ್ಯಾಯ ಎಂದೇ ಎಣಿಸಿದರು. ಮಗು ಪೆಟ್ಟಿಗೆಯಲ್ಲಿ ಸುಧಾರಿಸಿಕೊಂಡ ಮೇಲೆ ಮಾತ್ರ ಅಪ್ಪಿಸಬಹುದು ಎಂಬುದು ನಿಯಮ. ಹುಟ್ಟಿದ ಕೂಡಲೇ ಅಪ್ಪಿಸಿದರೆ? ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳಲ್ಲಿ ನಡೆದ ಅಧ್ಯಯನ ಅದನ್ನು ನೇರವಾಗಿ ಪರೀಕ್ಷಿಸಿತು. ನಮ್ಮ ದೇಶದ ಪಾಲು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯದು. 1ರಿಂದ 1.8 ಕಿಲೋ ತೂಕದೊಳಗಿನ 3,211 ಮಕ್ಕಳು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಮೊದಲು ಪೆಟ್ಟಿಗೆ ಆಮೇಲೆ ಎದೆ ಎಂಬ ಕ್ರಮದಲ್ಲಿ 28 ದಿನದೊಳಗೆ ಶೇಕಡಾ 15.7 ಮಕ್ಕಳು ಸತ್ತಿದ್ದರೆ, ಹುಟ್ಟಿದಾಗಿನಿಂದಲೇ ಎದೆಗಪ್ಪಿದ ಮಕ್ಕಳಲ್ಲಿ ಶೇಕಡಾ 12. ಲಾಭ ಇಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ತಿದ್ದಿತು: ಉಸಿರಾಟದ ಯಂತ್ರ ಬೇಕಾದ, ಆಘಾತದಲ್ಲಿರುವ ಮಕ್ಕಳನ್ನು ಬಿಟ್ಟು ಮಿಕ್ಕವರಿಗೆ ಹುಟ್ಟಿದ ಕೂಡಲೇ, ದಿನಕ್ಕೆ 8ರಿಂದ 24 ಗಂಟೆ, ತಾಯಿಯ ಎದೆ.

ಆ ಅಧ್ಯಯನಕ್ಕಾಗಿ ಸಫ್ದರ್‌ಜಂಗ್‌ನವರು ಮಾಡಿದ ಬದಲಾವಣೆ ಸರಳ, ಆದರೆ ಕ್ರಾಂತಿಕಾರಿ. ಮಕ್ಕಳ ತೀವ್ರನಿಗಾ ಘಟಕದೊಳಗೇ ತಾಯಂದಿರ ಮಂಚ ಹಾಕಿದರು. ಹೆರಿಗೆಯ ವೈದ್ಯರು ತಾಯಿಯನ್ನೂ ಮಕ್ಕಳ ವೈದ್ಯರು ಮಗುವನ್ನೂ ಒಂದೇ ಜಾಗದಲ್ಲಿ ನೋಡಿದರು. ಸೋಂಕು ಹೆಚ್ಚಲಿಲ್ಲ, ಆ ಪ್ರಯೋಗದಲ್ಲಿ ಶಂಕಿತ ಸೋಂಕು ಕಡಿಮೆಯೇ ಆಯಿತು. ಬಾಗಿಲು ಮುಚ್ಚಿಸಿದ್ದ ಹಳೆಯ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯೂ ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನಕ್ಕೆ ಆಯ್ಕೆಯಾದ ಜಾಗಗಳಲ್ಲಿ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಅಲ್ಲಿ ಕೆಲಸ ಮಾಡಿದರು. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆಯರು ಬೆನ್ನಿಗೆ ನಿಂತರು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾಂಗರೂ ಆರೈಕೆ ಸಲೀಸು, ಪುಕ್ಕಟೆ ಎಂಬ ಭಾವನೆ ಹಬ್ಬಿದೆ. ಪುಕ್ಕಟೆಯಲ್ಲ. ಖರ್ಚನ್ನು ತಾಯಿ ಹೊರುತ್ತಿದ್ದಾಳೆ ಅಷ್ಟೆ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ದಿನವಿಡೀ ಒರಗಿ ಕೂರಬೇಕು. ಅದಕ್ಕೆ ಒರಗುಕುರ್ಚಿ ಬೇಕು. ಅವಳಿಗೆ ಊಟ, ಸ್ನಾನದ ಮನೆ, ಮರೆ, ನಿದ್ದೆ ಬೇಕು. ಮನೆಯಲ್ಲಿರುವ ದೊಡ್ಡ ಮಗುವನ್ನು ನೋಡಿಕೊಳ್ಳುವವರು ಬೇಕು. ಕೂಲಿ ಬಿಟ್ಟು ಬಂದ ಗಂಡನಿಗೆ ಆ ದಿನಗಳ ಹೊಟ್ಟೆಪಾಡು ಬೇಕು. ಅವಳು ಸುಸ್ತಾದಾಗ ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಅಪ್ಪನಿಗೆ, ಅಜ್ಜಿಗೆ ದಾದಿಯರು ಕಲಿಸಬೇಕು. ಅವಳಿ ಮಕ್ಕಳಾದರೆ ಅಪ್ಪನ ಎದೆ ಬೇಕೇ ಬೇಕು, ಗಂಡಸಿಗೆ ಅದು ಸಲ್ಲದು ಎಂಬ ಮಾತನ್ನು ನಾವು ಬಿಡಬೇಕು.

2020ರಲ್ಲಿ ಜಗತ್ತಿನಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅದರಲ್ಲಿ 30 ಲಕ್ಷ ಭಾರತದವು, ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು. ಇವರಲ್ಲಿ ಬಹಳ ಚಿಕ್ಕವರಿಗೆ, ಉಸಿರಾಡಲಾರದವರಿಗೆ ಪೆಟ್ಟಿಗೆ, ವೆಂಟಿಲೇಟರು, ನುರಿತ ದಾದಿಯರು ಬೇಕೇ ಬೇಕು. ಅದರಲ್ಲಿ ಜುಗ್ಗತನ ಕೂಡದು. ಮಿಕ್ಕ ಬಹುಪಾಲು ಮಕ್ಕಳಿಗೆ ಬೇಕಾದದ್ದು ಘಟಕದ ಒಳಗೆ ತಾಯಿಗೊಂದು ಮಂಚ. ದಾನಿಗಳು ನಮ್ಮ ಆಸ್ಪತ್ರೆಗಳಿಗೆ ಯಂತ್ರ ಕೊಟ್ಟು ಫಲಕ ಹಾಕಿಸುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಆ ಹಣದಲ್ಲಿ ಒಂದು ಭಾಗವನ್ನು ಒರಗುಕುರ್ಚಿಗೆ, ತಾಯಂದಿರ ಊಟಕ್ಕೆ, ರಾತ್ರಿ ಪಾಳಿಗೆ ಇನ್ನೊಬ್ಬ ದಾದಿಯ ಸಂಬಳಕ್ಕೆ ಕೊಡಿ. ಆಸ್ಪತ್ರೆಯ ಆಡಳಿತ ನಡೆಸುವವರು ಈ ಸಭೆಯಲ್ಲಿದ್ದರೆ, ನಿಮ್ಮ ಮಕ್ಕಳ ಘಟಕದ ಬಾಗಿಲ ಮೇಲೆ ತಾಯಂದಿರ ಭೇಟಿಯ ಸಮಯ ಬರೆದ ಹಲಗೆ ಇದ್ದರೆ, ನಾಳೆ ಬೆಳಿಗ್ಗೆಯೇ ಅದನ್ನು ತೆಗೆಸಿ.